ಯಾದೃಚ್ಛಿಕವಾಗಿ ನಡುಗುವ ತಗಡಿನ ಸದ್ದು: ಲೆಕ್ಕ ಎಲ್ಲಿಗೆ ಬಂತು

ಯಾದೃಚ್ಛಿಕ ಬಲಕ್ಕೆ ನಡುಗುವ ತಗಡು ಎಷ್ಟು ಸದ್ದು ಹೊರಬಿಡುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಿದ್ದೇವೆ. ತಗಡು ಅಲ್ಯೂಮಿನಿಯಂ, 400×300 ಮಿ.ಮೀ., ದಪ್ಪ 2 ಮಿ.ಮೀ. ನಾಲ್ಕೂ ಅಂಚಿಗೆ ಸರಳ ಆಧಾರ, ಸುತ್ತ ಕೊನೆಯಿಲ್ಲದ ಗಟ್ಟಿ ಬ್ಯಾಫಲ್ (ಹಿಂಬದಿಯ ಸದ್ದು ಮುಂದೆ ಬಾರದಂತೆ ತಡೆಯುವ ಗೋಡೆ). ಬಲ ಮೊದಲ ಹಂತದಲ್ಲಿ ‘ಮಾಡಿನ ಮೇಲೆ ಮಳೆ’ ಮಾದರಿಯದು: ಒಂದು ಬಿಂದುವಿನ ಹೊಡೆತಕ್ಕೂ ಪಕ್ಕದ್ದಕ್ಕೂ ಸಂಬಂಧವಿಲ್ಲ. (ಶೀಟಿನ ಮನೆಯಲ್ಲಿ ಮಳೆಗಾಲ ಕಳೆದವರಿಗೆ ವಿವರಣೆ ಬೇಡ.) ಬೇಕಿರುವುದು 2000 ಹರ್ಟ್ಸ್‌ವರೆಗಿನ ಸೌಂಡ್ ಪವರ್ (ತಗಡು ಸೆಕೆಂಡಿಗೆ ಸದ್ದಾಗಿ ಹೊರಬಿಡುವ ಶಕ್ತಿ). ಈ ತಗಡಿನ ಕ್ರಿಟಿಕಲ್ ಆವೃತ್ತಿ (ತಗಡಿನ ಬಾಗುವ ಅಲೆ ಗಾಳಿಯಲ್ಲಿನ ಶಬ್ದದಷ್ಟೇ ವೇಗ ಪಡೆಯುವ ಆವೃತ್ತಿ) ಸುಮಾರು 6000 ಹರ್ಟ್ಸ್. ಅಂದರೆ ಅಕ್ಕಪಕ್ಕದ ಭಾಗಗಳು ಒಂದರ ಸದ್ದನ್ನು ಇನ್ನೊಂದು ನುಂಗುವ ವಲಯದಲ್ಲೇ ಪೂರ್ತಿ ಲೆಕ್ಕ.

10 ಮಿ.ಮೀ. ಚೌಕಗಳಾಗಿ ಒಡೆದರೆ 1200 ತುಣುಕು. 2000 ಹರ್ಟ್ಸ್‌ನಲ್ಲಿ ಬಾಗುವ ಅಲೆಯ ಉದ್ದ 99 ಮಿ.ಮೀ., ಹಾಗಾಗಿ ಅಲೆಗೆ ಹತ್ತು ತುಣುಕು ಸಿಗುತ್ತವೆ, ಸಾಕು. ಪ್ರತಿ ಜೋಡಿ ತುಣುಕಿನ ರೇಡಿಯೇಶನ್ ರೆಸಿಸ್ಟೆನ್ಸ್ (ವೇಗದಿಂದ ಸದ್ದಿನ ಪವರ್ ಕೊಡುವ ಗುಣಾಂಕ) ಹೀಗೆ: ಕೋನೀಯ ಆವೃತ್ತಿಯ ವರ್ಗ × ಗಾಳಿಯ ಸಾಂದ್ರತೆ × ತುಣುಕಿನ ವಿಸ್ತೀರ್ಣದ ವರ್ಗ ÷ (2 × ಪೈ × ಶಬ್ದವೇಗ), ಅದಕ್ಕೆ ಸೈನ್(ಕೆಆರ್)/ಕೆಆರ್ ಗುಣಕ. ಕೆ ಎಂದರೆ ತರಂಗಸಂಖ್ಯೆ (ಕೋನೀಯ ಆವೃತ್ತಿ ÷ ಶಬ್ದವೇಗ), ಆರ್ ಎಂದರೆ ಜೋಡಿಯ ನಡುವಿನ ದೂರ. ಈ ಮ್ಯಾಟ್ರಿಕ್ಸನ್ನು ವೇಗದ ಕ್ರಾಸ್-ಸ್ಪೆಕ್ಟ್ರಂ ಮ್ಯಾಟ್ರಿಕ್ಸಿಗೆ (ಪ್ರತಿ ಜೋಡಿ ತುಣುಕಿನ ವೇಗಗಳ ಸಂಬಂಧದ ಪಟ್ಟಿ) ಗುಣಿಸಿ ಟ್ರೇಸ್ (ಕರ್ಣದ ಮೊತ್ತ) ತೆಗೆದರೆ ಆ ಆವೃತ್ತಿಯ ಪವರ್ ಬರುತ್ತದೆ. ಛೇದದಲ್ಲಿ 4 ಇರುವ ಸೂತ್ರವೂ ಚಾಲ್ತಿಯಲ್ಲಿದೆ. ಅದು ಗರಿಷ್ಠ ವೈಶಾಲ್ಯಕ್ಕೆ ಬರೆದದ್ದು. ಪಿಎಸ್‌ಡಿ (ಪವರ್ ಸ್ಪೆಕ್ಟ್ರಲ್ ಡೆನ್ಸಿಟಿ, ಅಂದರೆ ಆವೃತ್ತಿವಾರು ಸರಾಸರಿ ವರ್ಗ) ಜೊತೆ ಬಳಸಿದರೆ ಉದ್ದಕ್ಕೂ 3 ಡೆಸಿಬೆಲ್ ಖೋತಾ. ಸೈನ್ ಗುಣಕಕ್ಕೆ ಬಳಸುವ ನಂಪೈಯ (ಪೈಥಾನ್ ಭಾಷೆಯ ಗಣಿತ ಲೈಬ್ರರಿ) ಸಿಂಕ್ ಫಂಕ್ಷನ್ ಒಳಗೇ ಪೈ ಗುಣಿಸಿಕೊಳ್ಳುತ್ತದೆ, ಆದ್ದರಿಂದ ಕೆಆರ್ ಅನ್ನು ಪೈಯಿಂದ ಭಾಗಿಸಿಯೇ ಕೊಡಬೇಕು. ಮ್ಯಾಟ್ರಿಕ್ಸಿನ ಕರ್ಣದ ಮೇಲೆ ಆರ್ ಸೊನ್ನೆಯಾದಾಗ ಬರುವ ಸೊನ್ನೆ-ಭಾಗ-ಸೊನ್ನೆಯನ್ನು ಅದೇ ಸಂಭಾಳಿಸುತ್ತದೆ.

ಕಂಪನ ಯಾದೃಚ್ಛಿಕ ತಾನೇ, ತುಣುಕುಗಳ ಪವರ್ ಬಿಡಿಬಿಡಿಯಾಗಿ ಕೂಡಿದರಾಯಿತು ಎಂಬ ಅಡ್ಡದಾರಿ ಇಲ್ಲಿ ನಡೆಯುವುದಿಲ್ಲ. 85 ಹರ್ಟ್ಸ್‌ನ (1,1) ಮೋಡ್ ನೋಡಿ (ಮೋಡ್ ಎಂದರೆ ತಗಡು ತನ್ನದೇ ಆವೃತ್ತಿಯಲ್ಲಿ ನಡುಗುವ ಒಂದು ಆಕಾರ; ಇದರಲ್ಲಿ ಎರಡೂ ದಿಕ್ಕಿಗೆ ಒಂದೇ ಉಬ್ಬು). ಕರ್ಣವನ್ನಷ್ಟೇ ಕೂಡಿದರೆ ವಿಕಿರಣ ದಕ್ಷತೆ (ಅಷ್ಟೇ ವಿಸ್ತೀರ್ಣ, ಅಷ್ಟೇ ಸರಾಸರಿ ವೇಗದ ಆದರ್ಶ ಪಿಸ್ಟನ್ನಿಗೆ ಹೋಲಿಸಿದ ಪವರ್) 0.00004, ಇರಬೇಕಾದ್ದು 0.030. ಅಂತರ 29 ಡೆಸಿಬೆಲ್! ತುಣುಕಿನ ಬದಿ ಅರ್ಧ ಮಾಡಿದರೆ ಉತ್ತರ ಇನ್ನೂ 6 ಡೆಸಿಬೆಲ್ ಇಳಿಯುತ್ತದೆ. ಜಾಲರಿ ಬದಲಾದಂತೆ ಬದಲಾಗುವ ಪವರ್‌ಗೆ ಅರ್ಥವಿಲ್ಲ. ಬಲಗಳು ಪರಸ್ಪರ ಅಪರಿಚಿತವಾದರೂ ತಗಡು ಒಂದೇ, ವೇಗಗಳು ಹೆಣೆದುಕೊಂಡೇ ಇರುತ್ತವೆ. ತಾಳೆಗೆ ಸಂಶೋಧಕ ವ್ಯಾಲೇಸ್ ಆಯತಾಕಾರದ ಫಲಕಗಳಿಗೆ 1972ರಲ್ಲಿ ಕೊಟ್ಟ ಕಡಿಮೆ ಆವೃತ್ತಿಯ ಸೂತ್ರ ಸಾಕು. ಈ ಮೋಡ್‌ಗೆ ಅದರ ಮುಖ್ಯ ಪದ 32 × ತರಂಗಸಂಖ್ಯೆಯ ವರ್ಗ × ತಗಡಿನ ವಿಸ್ತೀರ್ಣ ÷ ಪೈಯ ಐದನೇ ಘಾತ.

ಮೆಮೊರಿ ಮುಂದಿನ ತೊಡಕು. ಆವೃತ್ತಿಯೊಂದಕ್ಕೆ ಕ್ರಾಸ್-ಸ್ಪೆಕ್ಟ್ರಂ ಮ್ಯಾಟ್ರಿಕ್ಸ್ 23 ಎಂಬಿ. 1 ಹರ್ಟ್ಸ್ ಹೆಜ್ಜೆಯಲ್ಲಿ ಎಲ್ಲವನ್ನೂ ಇಟ್ಟುಕೊಂಡರೆ 46 ಜಿಬಿ. ಅದರ ಬದಲು ಕಂಪನವನ್ನು ಮೋಡ್‌ಗಳಿಗೆ ಇಳಿಸಿದ್ದೇವೆ. 2000 ಹರ್ಟ್ಸ್ ಒಳಗೆ 32 ಮೋಡ್ ಇವೆ, 3000ದವರೆಗಿನವನ್ನೂ ಸೇರಿಸಿಕೊಂಡಿದೆ. ಮಳೆ ಮಾದರಿಯ ಬಲಕ್ಕೆ ಮೋಡ್‌ಗಳ ನಡುವಿನ ಕ್ರಾಸ್ ಪದಗಳು ಸೊನ್ನೆಯಾಗುತ್ತವೆ. ಶೇಕರ್‌ನಿಂದ (ನಡುಗಿಸುವ ಯಂತ್ರ) ಒಂದೇ ಬಿಂದುವಿಗೆ ಬಲ ಕೊಟ್ಟರೆ ಉಳಿಯುತ್ತವೆ, ಬಿಡುವಂತಿಲ್ಲ.

ಈಗ ಕೈಯಲ್ಲಿರುವುದು ಸೆಕೆಂಡಿಗೆ 40 ಮೀಟರ್ ಗಾಳಿ ತಗಡಿನ ಮೇಲೆ ಹರಿಯುವಾಗಿನ ಟರ್ಬ್ಯುಲೆಂಟ್ (ಸುಳಿಗಳಿಂದ ಕದಡಿದ) ಪದರ, ಕಾರ್ಕೋಸ್ ಮಾದರಿಯಲ್ಲಿ (ಎರಡು ಬಿಂದುಗಳ ಒತ್ತಡಕ್ಕೆ ಎಷ್ಟು ಸಂಬಂಧವಿದೆ ಎಂದು ಹೇಳುವ ಸೂತ್ರ). ಕನ್ವೆಕ್ಷನ್ ವೇಗ (ಸುಳಿಗಳು ಸಾಗುವ ವೇಗ) ಗಾಳಿಯ 0.7 ಪಾಲು ಎಂದಿಟ್ಟರೆ 2000 ಹರ್ಟ್ಸ್‌ನಲ್ಲಿ ಒತ್ತಡದ ಅಲೆ 14 ಮಿ.ಮೀ., ಅಡ್ಡದಿಕ್ಕಿನ ಕೋರಿಲೇಶನ್ ಉದ್ದ (ಒತ್ತಡಗಳ ಸಂಬಂಧ ಉಳಿಯುವ ದೂರ) ಬರೀ 3 ಮಿ.ಮೀ. 10 ಮಿ.ಮೀ. ಜಾಲರಿಗೆ ಇದು ದಕ್ಕದು. ಕಾರ್ಕೋಸ್ ಸೂತ್ರ ಉದ್ದ-ಅಗಲಕ್ಕೆ ಬೇರ್ಪಡುವುದರಿಂದ ಬಲದ ಇಂಟಿಗ್ರಲ್‌ಗಳನ್ನಷ್ಟೇ ಎರಡೂ ದಿಕ್ಕಿನಲ್ಲಿ ಬಿಡಿಯಾಗಿ 1 ಮಿ.ಮೀ. ಹೆಜ್ಜೆಯಲ್ಲಿ ಮಾಡುತ್ತಿದ್ದೇವೆ; ವಿಕಿರಣದ ಜಾಲರಿ ಹಳೆಯದೇ. ಇಲ್ಲಿ ಮೋಡ್‌ಗಳ ಕ್ರಾಸ್ ಪದಗಳು ಸೊನ್ನೆಯಲ್ಲ, ಕಾಂಪ್ಲೆಕ್ಸ್ ಸಂಖ್ಯೆಗಳು. ಮಳೆಗೆ ಬರೆದ ಕರ್ಣದ ಕೋಡ್ ತೆಗೆದು ಪೂರ್ಣ ಮ್ಯಾಟ್ರಿಕ್ಸ್ ಹಾಕುವುದು ಬಾಕಿ.