ಒಂದು ವಾರದ ಮಾತ್ರೆ

ಇಂದು ಸಂಜೆ ಮೆಡಿಕಲ್ ಶಾಪಿನಲ್ಲಿ ನನ್ನ ಮುಂದೆ ನಿಂತಿದ್ದ ಹುಡುಗನೊಬ್ಬ, ಅರ್ಧ ಖಾಲಿಯಾಗಿದ್ದ ಮಾತ್ರೆಯ ಸ್ಟ್ರಿಪ್ಪನ್ನು ಅಂಗೈಯಲ್ಲಿ ಮರೆಮಾಡಿಕೊಂಡೇ ಮುಂದೆ ಚಾಚಿ, "ಅಣ್ಣಾ, ಒಂದು ವಾರ ಆಯ್ತು, ಏನೂ ಗುಣ ಕಾಣ್ತಿಲ್ಲ, ವಾಪಸ್ ತಗೋತೀರಾ?" ಎಂದು ತಗ್ಗಿದ ದನಿಯಲ್ಲಿ ಕೇಳಿದ. ಅಂಗಡಿಯವರು ಮಾತ್ರೆಯ ಹೆಸರನ್ನು ಗಟ್ಟಿಯಾಗಿ ಓದಲಿಲ್ಲ. ಅದು ನನಗೆ ಬಹಳ ಹಿಡಿಸಿತು. "ಇದು ತಲೆನೋವಿನ ಮಾತ್ರೆ ಅಲ್ಲಪ್ಪ, ಡಾಕ್ಟರನ್ನ ಕೇಳದೆ ನಿಲ್ಲಿಸಬೇಡ" ಎಂದಷ್ಟೇ ಹೇಳಿದರು.

ಖಿನ್ನತೆಗೂ ಆತಂಕಕ್ಕೂ ಸಾಮಾನ್ಯವಾಗಿ ಕೊಡುವ ಎಸ್‌ಎಸ್‌ಆರ್‌ಐ ಮಾತ್ರೆಗಳು ಫಲ ತೋರಲು ಕೆಲವು ವಾರಗಳೇ ಹಿಡಿಯುತ್ತವೆ. ಆದರೆ ವಾಕರಿಕೆ, ನಿದ್ದೆಗೇಡು, ಕೆಲವರಲ್ಲಿ ಹೆಚ್ಚಿದ ಚಡಪಡಿಕೆ ಮೊದಲ ದಿನಗಳಲ್ಲೇ ಕಾಣಿಸಿಕೊಳ್ಳುವುದರಿಂದ, ಔಷಧವೇ ಕೆಡಿಸಿತೆಂದು ವೈದ್ಯರಿಗೂ ತಿಳಿಸದೆ ಬಿಟ್ಟುಬಿಡುವವರಿದ್ದಾರೆ. ಹಾಗೆ ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ಕಿರಿಕಿರಿ ಬೇರೆ. ಮಾತ್ರೆಯೊಂದೇ ದಾರಿಯೂ ಅಲ್ಲ. ಸೌಮ್ಯ ಸ್ವರೂಪದ ಖಿನ್ನತೆಗೆ ಆಪ್ತಸಮಾಲೋಚನೆಯಿಂದಲೇ ಚಿಕಿತ್ಸೆ ಆರಂಭಿಸುವುದುಂಟು.

"ಧೈರ್ಯ ತಂದ್ಕೋ" ಎಂಬ ಉಪದೇಶ ನಮ್ಮಲ್ಲಿ ಎಲ್ಲೆಡೆ ಪುಕ್ಕಟೆ ಸಿಗುತ್ತದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯೂ ಪುಕ್ಕಟೆಯೇ: 14416ಕ್ಕೆ ಹಗಲಾಗಲಿ, ನಡುರಾತ್ರಿಯಾಗಲಿ ಕರೆ ಮಾಡಿದರೆ, ತರಬೇತಿ ಪಡೆದವರು ಕನ್ನಡದಲ್ಲೇ ಮಾತಾಡುತ್ತಾರೆ.