ವ್ಯಾಲೆಂಟಿನೊ ಮನೆಯ ಸಾಮಾನು

ಊರಿನಿಂದ ಫೋನ್ ಮಾಡಿದವರು "ಭಾನುವಾರ ಏನು ಮಾಡ್ತೀಯ?" ಎಂದು ಕೇಳಿದರೆ ಹಳೇ ಸಾಮಾನು ಹುಡುಕುತ್ತೇನೆ ಎನ್ನುತ್ತೇನೆ. ಯಾವ ಸಾಮಾನು, ಯಾಕೆ ಎನ್ನುವುದು ಫೋನಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಹುಡುಕುವುದು ಒಬ್ಬನೇ ಮನುಷ್ಯನ ವಸ್ತುಗಳನ್ನು. ಅವನ ಹೆಸರು ರುಡಾಲ್ಫ್ ವ್ಯಾಲೆಂಟಿನೊ. ಮೂಕಿ ಚಿತ್ರಗಳ ಕಾಲದ ದೊಡ್ಡ ನಟ. ಹುಟ್ಟಿದ್ದು 1895ರಲ್ಲಿ, ದಕ್ಷಿಣ ಇಟಲಿಯ ಕಾಸ್ಟೆಲನೆಟಾ ಎಂಬ ಸಣ್ಣ ಊರಿನಲ್ಲಿ. 1913ರ ಡಿಸೆಂಬರ್‌ನಲ್ಲಿ ಹಡಗು ಹತ್ತಿ ನ್ಯೂಯಾರ್ಕಿಗೆ ಬಂದಾಗ ವಯಸ್ಸು 18. ತೋಟದ ಕೆಲಸ ಮಾಡಿದ, ಹೋಟೆಲಿನಲ್ಲಿ ತಟ್ಟೆ ಎತ್ತಿದ, ದುಡ್ಡು ಕೊಟ್ಟವರ ಜೊತೆ ನೃತ್ಯ ಮಾಡಿದ. 1921ರಲ್ಲಿ ಬಂದ ಎರಡು ಚಿತ್ರಗಳು, 'ದಿ ಫೋರ್ ಹಾರ್ಸ್‌ಮೆನ್ ಆಫ್ ದಿ ಅಪೊಕಲಿಪ್ಸ್' ಮತ್ತು 'ದಿ ಶೇಖ್', ಅವನನ್ನು ಎಲ್ಲಿಂದೆಲ್ಲಿಗೋ ಕೊಂಡೊಯ್ದವು. 1926ರ ಆಗಸ್ಟ್ 23ರಂದು ನ್ಯೂಯಾರ್ಕಿನ ಆಸ್ಪತ್ರೆಯಲ್ಲಿ ತೀರಿಕೊಂಡ. ಹೊಟ್ಟೆಯ ಹುಣ್ಣು ಒಡೆದು ನಂಜಾಗಿತ್ತು. ಆಗ 31 ವರ್ಷ. ಹೆಣ ನೋಡಲು ಸೇರಿದ ಜನ ಬೀದಿ ತುಂಬಿ, ನೂಕುನುಗ್ಗಲಲ್ಲಿ ಕಿಟಕಿ ಗಾಜು ಒಡೆದರು.

ಹೊರನಾಡಿಗೆ ಬಂದು ಬದುಕು ಕಟ್ಟಿಕೊಂಡವರಿಗೆ ಈ ಕಥೆ ಬೇಗ ಹಿಡಿಸುತ್ತದೆ, ಅಲ್ವಾ? ನನಗೂ ಹಾಗೇ ಆಯಿತು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವನು ಏರಿದ್ದಲ್ಲ, ಅವನು ಹೋದಮೇಲೆ ಮನೆಯ ಸಾಮಾನಿಗೆ ಆದದ್ದು.

ವ್ಯಾಲೆಂಟಿನೊಗೆ ವಸ್ತುಗಳ ಮೇಲೆ ವಿಪರೀತ ಪ್ರೀತಿ. ಹಳೇ ಕತ್ತಿ, ಕವಚ, ಪೀಠೋಪಕರಣ, ರತ್ನಗಂಬಳಿ, ಕುದುರೆ, ನಾಯಿ, ವೊಯ್ಸಾನ್ ಮತ್ತು ಇಸೊಟ್ಟಾ ಫ್ರಾಸ್ಕಿನಿ ಕಾರುಗಳು. ಇದೆಲ್ಲ ಜಾಸ್ತಿಯಾಗಿ ಸಾಲದಲ್ಲಿ ಬಂದದ್ದೇ. 1925ರಲ್ಲಿ ಬೆವರ್ಲಿ ಹಿಲ್ಸ್‌ನ ಮೇಲೆ ಬೆನೆಡಿಕ್ಟ್ ಕಣಿವೆಯಲ್ಲಿ 1,75,000 ಡಾಲರ್ ಕೊಟ್ಟು ಮನೆ ತೆಗೆದುಕೊಂಡ. 'ಫಾಲ್ಕನ್ ಲೇರ್' ಎಂದು ಹೆಸರಿಟ್ಟ. ಸರಿಯಾಗಿ ಒಂದೆರಡು ವರ್ಷ ಕೂಡ ಅಲ್ಲಿ ಬಾಳಲಿಲ್ಲ. ಅವನು ಹೋದಾಗ ಉಳಿದದ್ದು ದೊಡ್ಡ ಸಾಲ. ಉಯಿಲಿನಲ್ಲಿ ಪಾಲು ಸಿಕ್ಕಿದ್ದು ಅಣ್ಣ, ತಂಗಿ ಮತ್ತು ಬಿಟ್ಟುಹೋದ ಹೆಂಡತಿ ನತಾಶಾ ರಾಂಬೊವಾಳ ತಾಯಿಯ ಸೋದರಿಗೆ. ನತಾಶಾಗೆ ಬರೆದದ್ದು ಒಂದು ಡಾಲರ್. ಸಾಲ ತೀರಿಸಲು ಅವನ ಮ್ಯಾನೇಜರ್ ಜಾರ್ಜ್ ಉಲ್‌ಮನ್ 1926ರ ಡಿಸೆಂಬರ್‌ನಲ್ಲಿ ಎಲ್ಲವನ್ನೂ ಹರಾಜಿಗೆ ಇಟ್ಟರು. ಎಲ್ಲವನ್ನೂ ಅಂದರೆ ಎಲ್ಲವನ್ನೂ. ಮನೆ, ಕಾರು, ಕುದುರೆಯಿಂದ ಹಿಡಿದು ಅಂಗಿ, ಕರವಸ್ತ್ರದವರೆಗೆ. ಸತ್ತು ನಾಲ್ಕು ತಿಂಗಳಾಗಿರಲಿಲ್ಲ.

ಆ ಹರಾಜಿಗೆ ಒಂದು ಕ್ಯಾಟಲಾಗ್ ಅಚ್ಚು ಹಾಕಿಸಿದ್ದರು. ಸಂಗ್ರಹಕಾರರ ನಡುವೆ ಈಗಲೂ ಎಲ್ಲ ಮಾತೂ ಅಲ್ಲಿಂದಲೇ ಶುರುವಾಗುತ್ತದೆ. ಜಮೀನಿಗೆ ಪಹಣಿ ಇದ್ದ ಹಾಗೆ ಈ ವಸ್ತುಗಳಿಗೆ ಆ ಕ್ಯಾಟಲಾಗ್. ಒಂದೊಂದು ವಸ್ತುವಿಗೂ ಲಾಟ್ ನಂಬರ್ ಎಂಬ ಹರಾಜಿನ ಸಂಖ್ಯೆ, ಎರಡು ಮೂರು ಸಾಲಿನ ವಿವರ. ಆ ಲಾಟನ್ನು ಕೊಂಡವರು ಯಾರು, ಅವರಿಂದ ಯಾರಿಗೆ ಹೋಯಿತು, ಅವರ ಮಗಳು ಯಾರಿಗೆ ಮಾರಿದಳು, ಹೀಗೆ ಒಂದೂ ಕೊಂಡಿ ತಪ್ಪದೆ ಇಂದಿನವರೆಗೆ ಬಂದರೆ ಅದು ವ್ಯಾಲೆಂಟಿನೊ ವಸ್ತು. ನಡುವೆ ಒಂದು ಕೊಂಡಿ ಕಳಚಿದರೆ ಅದು ಬರೀ 1920ರ ಕಾಲದ ಚಂದದ ಸಿಗರೇಟ್ ಡಬ್ಬಿ. ಬೆಲೆಯೂ ಹಾಗೇ ಬಿದ್ದುಹೋಗುತ್ತದೆ.

ಇದು ನನಗೆ ಮನವರಿಕೆಯಾದದ್ದು ಲಾಸ್ ಏಂಜಲೀಸ್ ಹತ್ತಿರದ ಪಸಡೀನಾ ಕಡೆಯ ಒಬ್ಬ ಹಿರಿಯ ಸಂಗ್ರಹಕಾರರ ಮನೆಯಲ್ಲಿ. ಹೆಸರು ಬೇಡ ಎಂದಿದ್ದಾರೆ. ಪ್ರತಿ ತಿಂಗಳ ಎರಡನೇ ಭಾನುವಾರ ರೋಸ್ ಬೌಲ್ ಮೈದಾನದಲ್ಲಿ ನಡೆಯುವ ಹಳೇ ಸಾಮಾನಿನ ಸಂತೆಯಲ್ಲಿ ಪರಿಚಯವಾದವರು. ಅವರ ಹತ್ತಿರ ವ್ಯಾಲೆಂಟಿನೊನ ಒಂದು ಕೋಟು ಇದೆ. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಅದರ ಮೇಲೆ ಕೋಟನ್ನು ಮಲಗಿಸಿ, ಎದೆಯ ಒಳಜೇಬನ್ನು ಎರಡು ಬೆರಳಿನಿಂದ ನಿಧಾನ ಬಿಡಿಸಿ ತೋರಿಸಿದರು. ಜೇಬಿನೊಳಗೆ ಟೈಲರ್ ಹೊಲಿದ ಸಣ್ಣ ಚೀಟಿ. ಅಳತೆ ಕೊಟ್ಟು ಹೊಲಿಸಿದ ಕೋಟುಗಳಲ್ಲಿ ಗಿರಾಕಿಯ ಹೆಸರು, ತಾರೀಖು ಶಾಯಿಯಲ್ಲಿ ಬರೆದು ಹೀಗೆ ಒಳಗೆ ಹೊಲಿಯುತ್ತಿದ್ದರು. ಶಾಯಿ ಕಂದು ಬಣ್ಣಕ್ಕೆ ತಿರುಗಿದೆ, 'ವಿ' ಅಕ್ಷರದ ಒಂದು ಕಾಲು ಅಳಿಸಿದೆ. ಆಮೇಲೆ ಒಳಗಿನ ರೇಷ್ಮೆ ಅಸ್ತರಿ ತೋರಿಸಿದರು. ಮಡಿಕೆ ಬಿದ್ದ ಕಡೆಯೆಲ್ಲ ಸೀಳು. ಆ ಕಾಲದಲ್ಲಿ ರೇಷ್ಮೆಗೆ ತೂಕ ಬರಲಿ, ಮೈಮೇಲೆ ಚೆನ್ನಾಗಿ ಇಳಿಬೀಳಲಿ ಎಂದು ತವರದ ಲವಣದಲ್ಲಿ ಅದ್ದುತ್ತಿದ್ದರು. ಆ ಲವಣವೇ ಈಗ ದಾರವನ್ನು ಒಳಗಿಂದ ತಿಂದುಹಾಕುತ್ತಿದೆ. ಯಾರೂ ಮುಟ್ಟದೆ ಇಟ್ಟರೂ ಅದು ಸೀಳುತ್ತದೆ. ತಡೆಯುವ ದಾರಿ ಇಲ್ಲ, ನಿಧಾನ ಮಾಡುವ ದಾರಿ ಮಾತ್ರ ಇದೆ. ಬೆಳಕು ಬೀಳಬಾರದು, ಮಡಿಕೆಗಳಲ್ಲಿ ಆಮ್ಲವಿಲ್ಲದ ತೆಳು ಕಾಗದದ ಸುರುಳಿ ಇಡಬೇಕು. ರೇಷ್ಮೆಗೂ ಉಣ್ಣೆಗೂ ಸುಣ್ಣದಂಶ ಬೆರೆಸಿದ ಕಾಗದ ಆಗುವುದಿಲ್ಲ, ಅದು ಹತ್ತಿಗೆ. ಹ್ಯಾಂಗರಿಗೆ ತೂಗುಹಾಕಿದರೆ ಹೆಗಲ ಹೊಲಿಗೆ ಬಿಡುತ್ತದೆ, ಆದ್ದರಿಂದ ಪೆಟ್ಟಿಗೆಯಲ್ಲಿ ಮಲಗಿಸಿಯೇ ಇಡಬೇಕು.

ನಾನು ಕೋಟು ಕೊಳ್ಳುವ ಶಕ್ತಿಯವರ ಸಾಲಿನಲ್ಲಿಲ್ಲ. ನನ್ನ ಆಸೆ ಪುಸ್ತಕಗಳ ಮೇಲೆ. ವ್ಯಾಲೆಂಟಿನೊ ಚೆನ್ನಾಗಿ ಓದುತ್ತಿದ್ದ. ಹಳೇ ಕಾಲದ ಉಡುಪು, ಆಯುಧಗಳ ಬಗ್ಗೆ ಪುಸ್ತಕಗಳನ್ನು ಹುಡುಕಿ ಹುಡುಕಿ ತರಿಸುತ್ತಿದ್ದ. ಪುಸ್ತಕದ ಒಳರಟ್ಟಿಗೆ ಅಂಟಿಸಲು ತನ್ನದೇ ಬುಕ್‌ಪ್ಲೇಟ್, ಅಂದರೆ ಪುಸ್ತಕ ಯಾರದೆಂದು ಹೇಳುವ ಅಚ್ಚಿನ ಚೀಟಿ, ಮಾಡಿಸಿಕೊಂಡಿದ್ದ. ಅದನ್ನು ಬರೆದುಕೊಟ್ಟದ್ದು ವಿಲಿಯಂ ಕ್ಯಾಮರಾನ್ ಮೆನ್ಜೀಸ್, ಮುಂದೆ ಕಲಾ ನಿರ್ದೇಶನಕ್ಕೆ ಮೊಟ್ಟಮೊದಲ ಆಸ್ಕರ್ ಪಡೆದವನು. ಆ ಬುಕ್‌ಪ್ಲೇಟ್ ಇರುವ ಪುಸ್ತಕ ಎಂದರೆ ನೇರವಾಗಿ ಅವನ ಕಪಾಟಿನಿಂದ ಬಂದದ್ದು ಎಂದುಕೊಳ್ಳಬಹುದು. ಆದರೆ ಅಂಟಿಸದೆ ಉಳಿದ ಒಂದು ಬುಕ್‌ಪ್ಲೇಟ್ ಸಿಕ್ಕರೆ ಯಾರು ಬೇಕಾದರೂ ಯಾವ ಹಳೇ ಪುಸ್ತಕಕ್ಕಾದರೂ ಅಂಟಿಸಬಹುದಲ್ಲ! ಅದಕ್ಕೆ ನಾವು ಮೊದಲು ನೋಡುವುದು ಎದುರಿನ ಪುಟವನ್ನು. ಎಷ್ಟೋ ವರ್ಷ ಮುಚ್ಚಿದ ಪುಸ್ತಕದಲ್ಲಿ ಬುಕ್‌ಪ್ಲೇಟಿನ ಕಾಗದ ಮತ್ತು ಅಂಟು ಎದುರು ಪುಟದ ಮೇಲೆ ಅದೇ ಅಳತೆಯ ಮಸುಕು ಕಲೆ ಬಿಟ್ಟಿರುತ್ತವೆ. ಕಲೆ ಇಲ್ಲದೆ ಪುಟ ಒಂದೇ ಸಮನೆ ಹಳದಿಯಾಗಿದ್ದರೆ ಅನುಮಾನ ಪಡಬೇಕು. ಎರಡನೆಯದು ಇನ್ನೂ ಸುಲಭ. ಪುಸ್ತಕ ಅಚ್ಚಾದ ವರ್ಷ. 1926ರ ಆಗಸ್ಟ್ ಆದಮೇಲೆ ಬಂದದ್ದಾದರೆ ಅವನು ಓದಿರುವುದು ಹೇಗೆ?

ಸಹಿಯ ವಿಷಯ ಇನ್ನೂ ಕಷ್ಟ. ಅಭಿಮಾನಿಗಳ ಪತ್ರ ಮೂಟೆಗಟ್ಟಲೆ ಬರುತ್ತಿದ್ದ ಕಾಲ. ಸ್ಟುಡಿಯೊ ಕಾರ್ಯದರ್ಶಿಗಳು ನಟರ ಹೆಸರಿನಲ್ಲಿ ತಾವೇ ಸಹಿ ಹಾಕಿ ಫೋಟೊ ಕಳಿಸುತ್ತಿದ್ದರು. ಅದು ಮೋಸವೆಂದು ಯಾರೂ ಅಂದುಕೊಂಡಿರಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಸಹಿ ಇರುವ ಸಂಗ್ರಹದ ವಸ್ತು ಮಾರುವ ವ್ಯಾಪಾರಿ ಅದು ಅಸಲಿ ಎಂದು ಬರೆದುಕೊಡಬೇಕೆಂಬ ಕಾನೂನೇ ಇದೆ. ಆದರೂ ಆ ಪ್ರಮಾಣಪತ್ರಕ್ಕಿಂತ ಹಳೇ ರಸೀದಿ, ಹರಾಜಿನ ಚೀಟಿ, ಮನೆಯವರು ಬರೆದ ಪತ್ರ ನನಗೆ ಹೆಚ್ಚು. ಪ್ರಮಾಣಪತ್ರ ಇವತ್ತು ಅಚ್ಚಾಗುತ್ತದೆ. ಇನ್ನೊಂದು ಮಾತು: ಅವನ ಉಂಗುರವೊಂದಕ್ಕೆ ಶಾಪವಿತ್ತು, ತೊಟ್ಟವರೆಲ್ಲ ಸತ್ತರು ಎಂಬ ಕಥೆ ಹಾಲಿವುಡ್ ತುಂಬ ಓಡಾಡುತ್ತದೆ. ಆ ಕಥೆ ಹೇಳಿ ವಸ್ತು ಮಾರುವವರ ಹತ್ತಿರ ನಾನು ನಿಲ್ಲುವುದೇ ಇಲ್ಲ.

ಉಡುಪಿನ ಬಗ್ಗೆ ನನಗೆ ನನ್ನದೇ ಒಂದು ಅಭಿಪ್ರಾಯ ಇದೆ, ಎಲ್ಲರೂ ಒಪ್ಪುವುದಿಲ್ಲ. ಸಿನಿಮಾದಲ್ಲಿ ತೊಟ್ಟದ್ದು ಬೇರೆ, ಮನೆಯಲ್ಲಿ ತೊಟ್ಟದ್ದು ಬೇರೆ. ಸಿನಿಮಾ ಬಟ್ಟೆ ಬಹುಮಟ್ಟಿಗೆ ಸ್ಟುಡಿಯೊದ್ದು ಅಥವಾ ಬಾಡಿಗೆಗೆ ಕೊಡುವ ಕಂಪನಿಯದ್ದು. ಒಬ್ಬ ನಟ ತೊಟ್ಟದ್ದನ್ನು ಹಿಡಿಸಿ ಇನ್ನೊಬ್ಬನಿಗೆ ತೊಡಿಸುತ್ತಿದ್ದರು. ಹರಾಜಿನಲ್ಲಿ ಕೋಟಿಗಟ್ಟಲೆ ಬರುವುದು ಮಾತ್ರ ಅದಕ್ಕೇ. 2011ರಲ್ಲಿ ನಟಿ ಡೆಬಿ ರೆನಾಲ್ಡ್ಸ್ ತಾವು ಜೀವಮಾನವೆಲ್ಲ ಕೂಡಿಟ್ಟ ಉಡುಪುಗಳನ್ನು ಮಾರಿದಾಗ ಮರ್ಲಿನ್ ಮನ್ರೋಳ ಬಿಳಿ ಉಡುಪೊಂದೇ 46 ಲಕ್ಷ ಡಾಲರಿಗೆ ಹೋಯಿತು. ಅದೇ ಹರಾಜಿನಲ್ಲಿ ವ್ಯಾಲೆಂಟಿನೊ ತೊಟ್ಟ ಮ್ಯಾಟಡಾರ್ (ಗೂಳಿ ಕಾಳಗದವನ) ಉಡುಪೂ ಇತ್ತು. ಚಂದ ಒಪ್ಪುತ್ತೇನೆ. ಆದರೆ ಅವನೇ ದುಡ್ಡು ಕೊಟ್ಟು ಕೊಂಡು, ಮಧ್ಯರಾತ್ರಿ ಕೂತು ಪುಟ ತಿರುವಿದ ಪುಸ್ತಕ ನನಗೆ ಅದಕ್ಕಿಂತ ಹತ್ತಿರ.

ಇಷ್ಟೆಲ್ಲ ಯಾಕೆ, ಸುಮ್ನೆ ಅವನ ಸಿನಿಮಾ ನೋಡಬಾರದೇ ಎಂದು ಕೇಳಬಹುದು. ನೋಡಲು ಇರಬೇಕಲ್ಲ! ಅಮೆರಿಕನ್ ಕಾಂಗ್ರೆಸ್ ಲೈಬ್ರರಿ 2013ರಲ್ಲಿ ಒಂದು ವರದಿ ಹೊರತಂದಿತು. ಈ ದೇಶದಲ್ಲಿ ತಯಾರಾದ 10,919 ಮೂಕಿ ಕಥಾಚಿತ್ರಗಳಲ್ಲಿ ಬಿಡುಗಡೆಯಾದ ರೂಪದಲ್ಲೇ ಪೂರ್ತಿ ಉಳಿದಿರುವುದು ಶೇ. 14 ಮಾತ್ರ. ಆಗಿನ ನೈಟ್ರೇಟ್ ಫಿಲ್ಮ್ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತಿತ್ತು, ಹಾಗೇ ಬಿಟ್ಟರೆ ಅಂಟಂಟಾಗಿ ಕೊಳೆಯುತ್ತಿತ್ತು. ಟಾಕಿ ಬಂದಮೇಲೆ ಇವಕ್ಕೆ ಬೆಲೆಯಿಲ್ಲವೆಂದು ಬೆಳ್ಳಿ ತೆಗೆಯಲು ಕರಗಿಸಿದ್ದೂ ಉಂಟು. ವ್ಯಾಲೆಂಟಿನೊನ 'ಅನ್‌ಚಾರ್ಟೆಡ್ ಸೀಸ್' ಕಳೆದೇಹೋಗಿದೆ. 1922ರ 'ದಿ ಯಂಗ್ ರಾಜಾ'ದಲ್ಲಿ ಅವನು ಅಮೆರಿಕದಲ್ಲಿ ಬೆಳೆದ ಭಾರತದ ರಾಜಕುಮಾರ. ಅದೂ ತುಂಡು ತುಂಡಾಗಿ ಮಾತ್ರ ಉಳಿದಿದೆ. ನಮ್ಮವರ ವೇಷದಲ್ಲಿ ಅವನು ಹೇಗೆ ಕಾಣುತ್ತಿದ್ದ ಎನ್ನುವುದಕ್ಕೆ ಈಗ ಹೆಚ್ಚಾಗಿ ಸ್ಟಿಲ್ ಫೋಟೊಗಳನ್ನೇ ನಂಬಬೇಕು. ಮೈತುಂಬ ಮುತ್ತಿನ ಸರಗಳು. ಆ ಉಡುಪುಗಳನ್ನು ರೂಪಿಸಿದ್ದು ನತಾಶಾ ರಾಂಬೊವಾ.

ಮೂಕಿ ನಟನ ದನಿ ಮಾತ್ರ ಯಾರೂ ಕೇಳಿಲ್ಲ ಎಂದುಕೊಂಡಿದ್ದೆ. ಆದರೆ 1923ರಲ್ಲಿ ಅವನು ಬ್ರನ್ಸ್‌ವಿಕ್ ಎಂಬ ರೆಕಾರ್ಡ್ ಕಂಪನಿಗೆ ಎರಡು ಹಾಡು ಹಾಡಿದ್ದಾನೆ. ಒಂದು ಸ್ಪ್ಯಾನಿಷ್. ಇನ್ನೊಂದು 'ಕಾಶ್ಮೀರಿ ಸಾಂಗ್'. ಅದರ ಮಾತು ಬರೆದದ್ದು ಲಾರೆನ್ಸ್ ಹೋಪ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಆಡೆಲಾ ನಿಕೋಲ್ಸನ್. ಬ್ರಿಟಿಷ್ ಸೈನ್ಯಾಧಿಕಾರಿಯ ಹೆಂಡತಿ, 1904ರಲ್ಲಿ ಮದ್ರಾಸಿನಲ್ಲೇ ತೀರಿಕೊಂಡವರು. ಇಟಲಿಯ ಹುಡುಗ, ನ್ಯೂಯಾರ್ಕಿನ ಸ್ಟುಡಿಯೊ, ಶಾಲಿಮಾರ್ ತೋಟದ ಹಾಡು. ಅವನದು ಕಲಿತ ಕಂಠವಲ್ಲ. ಇಂಗ್ಲಿಷಿನಲ್ಲಿ ಇಟಲಿಯ ಜಾಡು ಸ್ಪಷ್ಟ ಕೇಳುತ್ತದೆ. ಕಚೇರಿಯಲ್ಲಿ ಮೀಟಿಂಗಿಗೆ ಮೊದಲು ನನ್ನ ಉಚ್ಚಾರಣೆಯನ್ನು ತಿದ್ದಿಕೊಳ್ಳುವ ನಾನು, ಆ ಹಾಡನ್ನು ಕೇಳಿದಾಗಲೆಲ್ಲ ಅವನ ಮೇಲೆ ಅಕ್ಕರೆಪಡುತ್ತೇನೆ.

ಈ ಆಸಕ್ತಿ ನಿಮಗೂ ಹತ್ತಿದರೆ ಶುರು ಮಾಡಲು ದೊಡ್ಡ ದುಡ್ಡು ಬೇಡ. 1923ರಲ್ಲಿ ಅವನ ಹೆಸರಿನಲ್ಲಿ ಬಂದ 'ಡೇ ಡ್ರೀಮ್ಸ್' ಎಂಬ ಕವಿತೆಗಳ ಪುಸ್ತಕದ ಸಹಿಯಿಲ್ಲದ ಪ್ರತಿ ಸಾಮಾನ್ಯರ ಕೈಗೂ ಎಟುಕುತ್ತದೆ. ಆ ಕಾಲದ 'ಫೋಟೊಪ್ಲೇ' ಪತ್ರಿಕೆಗಳೂ ಸಿಗುತ್ತವೆ. ಹಾಲಿವುಡ್ ಬುಲೆವಾರ್ಡಿನಲ್ಲಿ ಲ್ಯಾರಿ ಎಡ್ಮಂಡ್ಸ್ ಎಂಬ ಹಳೇ ಸಿನಿಮಾ ಪುಸ್ತಕದಂಗಡಿ ಇದೆ, ಅಲ್ಲಿ ಒಂದು ಮಧ್ಯಾಹ್ನ ಕಳೆದರೂ ಸಾಕು. ಹರಾಜಿಗೆ ಹೋಗುವುದಾದರೆ ಒಂದು ಎಚ್ಚರ. ಕೂಗಿದ ಬೆಲೆ ಕೊನೆಯ ಬೆಲೆಯಲ್ಲ. ಅದರ ಮೇಲೆ ಕಾಲು ಭಾಗದಷ್ಟು ಹರಾಜು ಸಂಸ್ಥೆಯ ಪಾಲು, ಆಮೇಲೆ ತೆರಿಗೆ. ಕೊಳ್ಳುವ ಮೊದಲು ಲಾ ಸಿಯೆನೆಗಾ ರಸ್ತೆಯ ಮಾರ್ಗರೆಟ್ ಹೆರಿಕ್ ಲೈಬ್ರರಿಗೆ ಹೋಗಿ. ಆಸ್ಕರ್ ಕೊಡುವ ಅಕಾಡೆಮಿಯ ಲೈಬ್ರರಿ ಅದು, ಹಿಂದೆ ಊರಿಗೆ ನೀರು ಕೊಡುತ್ತಿದ್ದ ಕಟ್ಟಡದಲ್ಲಿದೆ. ಸಾಮಾನ್ಯ ಜನರಿಗೂ ಅದು ತೆರೆದಿದೆ. ಹಳೇ ಫೋಟೊ, ಪತ್ರಿಕೆಯ ತುಣುಕು ತರಿಸಿಕೊಂಡು ನೋಡಬಹುದು. ಕೈಯಲ್ಲಿರುವ ವಸ್ತು ಅವನ ಮನೆಯ ಫೋಟೊದಲ್ಲಿ ಒಂದು ಮೂಲೆಯಲ್ಲಾದರೂ ಕಂಡರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಸಂಗ್ರಹಕಾರರಿಗೆಲ್ಲ ವಯಸ್ಸಾಗುತ್ತಿದೆ. ಮಕ್ಕಳಿಗೆ ಆಸಕ್ತಿಯಿಲ್ಲ. ಅವರು ಹೋದಮೇಲೆ ಮನೆಯ ಸಾಮಾನೆಲ್ಲ ಎಸ್ಟೇಟ್ ಸೇಲ್ ಎಂಬ ಮಾರಾಟದಲ್ಲಿ ಎರಡು ದಿನಕ್ಕೆ ಖಾಲಿಯಾಗುತ್ತದೆ, ರಸೀದಿಗಳ ಕಡತ ಕಸಕ್ಕೆ ಹೋಗುತ್ತದೆ. ಕೋಟು ಉಳಿಯುತ್ತದೆ, ಅದು ಯಾರದೆಂದು ಹೇಳುವ ಕಾಗದ ಉಳಿಯುವುದಿಲ್ಲ. ನನ್ನ ಹತ್ತಿರ ಇರುವುದು ಸ್ವಲ್ಪವೇ ಆದರೂ ಒಂದೊಂದರ ಜೊತೆಗೂ ಒಂದು ಹಾಳೆ ಇಟ್ಟಿದ್ದೇನೆ. ಯಾರಿಂದ ಬಂತು, ಯಾವಾಗ, ಎಷ್ಟಕ್ಕೆ, ಅವರಿಗೆ ಎಲ್ಲಿಂದ ಬಂದಿತ್ತು, ಯಾವ ಮಾತು ಖಚಿತ, ಯಾವುದು ಬರೀ ಹೇಳಿಕೆ. ಪಸಡೀನಾದ ಹಿರಿಯರ ಕಡತಗಳನ್ನೂ ಈಗ ಸ್ಕ್ಯಾನ್ ಮಾಡಿಕೊಡುತ್ತಿದ್ದೇನೆ. ಕಾಸ್ಟೆಲನೆಟಾದಲ್ಲಿ ಅವನ ಹೆಸರಿನ ಮ್ಯೂಸಿಯಂ ಇದೆ. ಕೋಟನ್ನು ಅಲ್ಲಿಗೆ ಕೊಡುವುದೋ ಇಲ್ಲೇ ಯಾವುದಾದರೂ ಸಂಸ್ಥೆಗೆ ಕೊಡುವುದೋ ಎಂಬ ಮಾತು ನಮ್ಮಿಬ್ಬರ ನಡುವೆ ನಡೆದೇ ಇದೆ. ನಾನು ಹುಟ್ಟೂರಿನ ಪರ. ಅವನು ಮನೆ ಮಾಡಿದ್ದು, ಬಟ್ಟೆ ತೊಟ್ಟು ಓಡಾಡಿದ್ದು ಇಲ್ಲಿ, ಇಲ್ಲೇ ಇರಲಿ ಎನ್ನುವುದು ಅವರ ವಾದ.

ಅವನ ಗೋರಿ ಇರುವುದಂತೂ ಇಲ್ಲೇ, ಹಾಲಿವುಡ್ ಫಾರೆವರ್ ಸ್ಮಶಾನದ ಕೆಥೀಡ್ರಲ್ ಮೌಸೋಲಿಯಂ ಎಂಬ ಕಟ್ಟಡದೊಳಗೆ. ಅವನಿಗೆ ಮೊದಲ ದೊಡ್ಡ ಪಾತ್ರ ಕೊಡಿಸಿದ ಚಿತ್ರಕಥೆಗಾರ್ತಿ ಜೂನ್ ಮ್ಯಾಥಿಸ್ ತನ್ನ ಕುಟುಂಬದ ಜಾಗವನ್ನು ಬಿಟ್ಟುಕೊಟ್ಟದ್ದು. ಮರುವರ್ಷ ಅವಳೂ ತೀರಿಕೊಂಡು ಪಕ್ಕದಲ್ಲೇ ಇದ್ದಾಳೆ. ಪ್ರತಿ ಆಗಸ್ಟ್ 23ರಂದು ಮಧ್ಯಾಹ್ನ 12 ಗಂಟೆ 10 ನಿಮಿಷಕ್ಕೆ, ಅವನ ಪ್ರಾಣ ಹೋದ ಹೊತ್ತಿಗೆ ಸರಿಯಾಗಿ, ಅಲ್ಲಿ ಸ್ಮರಣೆ ನಡೆಯುತ್ತದೆ. ಆ ಹೊತ್ತಿಗೆ ಈ ಕಡೆ ಬರುವವರಿದ್ದರೆ ಸ್ವಲ್ಪ ಮೊದಲೇ ಬನ್ನಿ, ಕೂರಲು ಜಾಗ ಬೇಗ ತುಂಬುತ್ತದೆ. ಸಂಗ್ರಹಕಾರರು ಬಹಳ ಮಂದಿ ಸೇರುತ್ತಾರೆ, ನಾನೇ ಪರಿಚಯ ಮಾಡಿಸುತ್ತೇನೆ.