ಕಳಸದ ಕಾಲುದಾರಿ ನಕ್ಷೆ: ಮಳೆಗಾಲದಿಂದ ಕಾಫಿ ಹೂವಿನವರೆಗೆ

ಕಳಸದ ಸುತ್ತಮುತ್ತಲಿನ ಕಾಲುದಾರಿಗಳನ್ನು ಒಂದು ನಕ್ಷೆಗೆ ಇಳಿಸುವ ಕೆಲಸ ಸುಮಾರು ಅರ್ಧದಷ್ಟಾಗಿದೆ. ಪೇಟೆ ಇರುವ ಕಡೆಯ ದಡ ಬಹುತೇಕ ಮುಗಿದಿದೆ. ಭದ್ರೆಯ ಆಚೆ, ಹೊರನಾಡಿನ ಕಡೆ ಈಗಷ್ಟೇ ಶುರು ಮಾಡಿದ್ದೇನೆ. ಸಂಸೆ ಕಡೆ ಇನ್ನೂ ಕೈ ಹಾಕಿಲ್ಲ. ಇಲ್ಲಿವರೆಗೆ ಏನಾಯಿತು ಅಂತ ಒಂದು ಕಡೆ ಬರೆದಿಡೋಣ ಅನ್ನಿಸಿತು. ಬೇರೆ ಊರಿನಲ್ಲಿ ಯಾರಾದರೂ ಇದೇ ಕೆಲಸಕ್ಕೆ ಇಳಿದರೆ ಉಪಯೋಗಕ್ಕೆ ಬರಬಹುದು.

ಕಳಸ ಚಿಕ್ಕಮಗಳೂರು ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿದೆ. ಎತ್ತರ ಸುಮಾರು 800 ಮೀಟರ್. ಮೂರು ಕಡೆ ಭದ್ರೆ ಬಳಸಿಕೊಂಡು ಹರಿಯುತ್ತಾಳೆ. ಗುಡ್ಡದ ಮೇಲೆ ಕಳಸೇಶ್ವರ, ಕೆಳಗೆ ಪೇಟೆ, ಅದರಾಚೆ ತೋಟ, ತೋಟದಾಚೆ ಕಾಡು. ಶನಿವಾರ, ಭಾನುವಾರ ಕುದುರೆಮುಖ ಹತ್ತಲು ಬರುವವರ ಗಾಡಿಗಳು ಜಾಸ್ತಿ. ಸೋಮವಾರ ಊರು ಮತ್ತೆ ಊರಿನವರದ್ದು. ನನಗೆ ಇಷ್ಟವಾದ ಕಳಸ ಸೋಮವಾರದಿಂದ ಶುಕ್ರವಾರದ್ದು. ಬೆಳಿಗ್ಗೆ ಕೆಲಸಕ್ಕೆ ಕೂರುವ ಮೊದಲು ಒಂದೆರಡು ಗಂಟೆ ನಡೆಯಬಹುದು. ಮನೆ ಹಿಂದಿನಿಂದಲೇ ದಾರಿ ಶುರುವಾಗುತ್ತದೆ. ಟಿಕೆಟ್ ಬೇಡ, ಜೀಪು ಬೇಡ.

ಆದರೆ ಆ ದಾರಿಗಳು ಯಾವ ನಕ್ಷೆಯಲ್ಲೂ ಇರಲಿಲ್ಲ. ಉಪಗ್ರಹದ ಚಿತ್ರ ನೋಡಿ ಗೆರೆ ಎಳೆಯೋಣ ಅಂದರೆ ಇಲ್ಲಿ ಆಗುವುದಿಲ್ಲ. ಅಡಿಕೆ ತೋಟದೊಳಗೆ, ಕಾಫಿಯ ನೆರಳು ಮರಗಳ ಕೆಳಗೆ ಹೋಗುವ ಎರಡಡಿ ದಾರಿ ಮೇಲಿನಿಂದ ಕಾಣುವುದೇ ಇಲ್ಲ. ನಡೆದೇ ಅಳೆಯಬೇಕು. ಹಾಗಾಗಿ ಓಪನ್‌ಸ್ಟ್ರೀಟ್‌ಮ್ಯಾಪ್ ಹಿಡಿದೆ. 2004ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ, ಯಾರು ಬೇಕಾದರೂ ಸೇರಿಸಬಹುದಾದ, ತಿದ್ದಬಹುದಾದ ನಕ್ಷೆ ಅದು. ಕನ್ನಡದಲ್ಲಿ ಹೆಸರು ಹಾಕಲು ಅದರಲ್ಲಿ ಬೇರೆಯೇ ಜಾಗ ಇದೆ. ಇದೊಂದೇ ಕಾರಣ ಸಾಕಿತ್ತು ನನಗೆ.

ಜೂನ್, ಜುಲೈ

ಮಳೆಗಾಲದಲ್ಲಿ ಯಾಕೆ ಶುರು ಮಾಡಿದ್ದು ಅಂತ ಎಲ್ಲರೂ ಕೇಳಿದರು. ಒಂದು ದಾರಿ ನಿಜಕ್ಕೂ ಬಳಕೆಯಲ್ಲಿದೆಯಾ ಇಲ್ಲವಾ ಅಂತ ಗೊತ್ತಾಗುವುದು ಮಳೆಗಾಲದಲ್ಲೇ. ಏಪ್ರಿಲ್‌ನಲ್ಲಿ ಚಪ್ಪಲಿ ನೆನೆಯದೆ ದಾಟುವ ಹಳ್ಳ ಜುಲೈನಲ್ಲಿ ಸೊಂಟಮಟ್ಟ ಬರುತ್ತದೆ. ಭದ್ರೆ ಉಕ್ಕಿದರೆ ಹೊರನಾಡು ರಸ್ತೆಯ ಹೆಬ್ಬಾಳೆ ಸೇತುವೆಯೇ ಮುಳುಗುತ್ತದೆ. ಇನ್ನು ಕಾಲುದಾರಿಯ ಪಾಡು ಕೇಳಬೇಕಾ?

ಅದಕ್ಕೇ ಪ್ರತಿ ಹಳ್ಳದ ಹತ್ತಿರ ನಿಂತು ಬರೆದುಕೊಂಡೆ. ಸಾರ (ಹಳ್ಳಕ್ಕೆ ಅಡ್ಡ ಹಾಕುವ ಮರದ ಕಾಲುಸೇತುವೆ) ಇದೆಯಾ, ಕಲ್ಲಿನ ಮೇಲೆ ದಾಟಬೇಕಾ, ಮಳೆಗಾಲದಲ್ಲಿ ದಾಟಬಹುದಾ. ನಮ್ಮ ಮನೆಯ ಕೆಳಗಿನ ಹಳ್ಳದ ಸಾರವನ್ನೇ ನೋಡಿ. ಎರಡು ಅಡಿಕೆ ಮರ ಜೋಡಿಸಿ ಹಾಕಿದ್ದಾರೆ. ಮೇಲೆ ಅಡ್ಡಕ್ಕೆ ಅಡಿಕೆ ದಬ್ಬೆ ಬಡಿದಿದ್ದಾರೆ, ಕಾಲು ಜಾರದಿರಲಿ ಅಂತ. ಎಡಕ್ಕೆ ಎದೆ ಎತ್ತರದಲ್ಲಿ ಒಂದು ಬಿದಿರು ಕಟ್ಟಿದ್ದಾರೆ, ಕೈ ಹಿಡಿಯಲು. ಮಧ್ಯದಲ್ಲಿ ಕಾಲಿಟ್ಟರೆ ಸ್ವಲ್ಪ ತೂಗುತ್ತದೆ. ಬಿದಿರು ಮಾತ್ರ ಹಳೆಯದು, ಕೈ ಸವರಿ ಸವರಿ ನುಣುಪಾಗಿದೆ. ಅಡಿಕೆ ಮರ ನೀರಿಗೆ ಬೇಗ ಕೊಳೆಯುತ್ತದೆ. ಹಾಗಾಗಿ ಮಳೆ ಹಿಡಿಯುವ ಮೊದಲು ಬದಲಿಸುತ್ತಿರಬೇಕು.

ಬದಲಿಸುವವರು ಯಾರು? ಆಚೆ ಒಂದು ಮನೆ, ಈಚೆ ಎರಡು ಮನೆ. ಮರ ಒಬ್ಬರು ಕೊಡುತ್ತಾರೆ, ಹೊರಲು ಉಳಿದವರು ಬರುತ್ತಾರೆ. ಆಚೆಯ ಮನೆಯವರು ಮಕ್ಕಳ ಹತ್ತಿರ ಬೆಂಗಳೂರಿಗೆ ಹೋಗಿಬಿಟ್ಟರೆ ಮುಂದಿನ ವರ್ಷ ಸಾರ ಇಲ್ಲ. ಸಾರ ಇಲ್ಲದಿದ್ದರೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಯಾರೂ ಓಡಾಡುವುದಿಲ್ಲ. ಅಷ್ಟರಲ್ಲಿ ಲಂಟಾನ, ಕಮ್ಯುನಿಸ್ಟ್ ಗಿಡ ಎದೆ ಎತ್ತರ ಬೆಳೆದಿರುತ್ತದೆ. ಆಮೇಲೆ ಬೇಸಿಗೆ ಬಂದರೂ ಆ ಕಡೆ ಯಾರೂ ತಲೆ ಹಾಕುವುದಿಲ್ಲ. ಒಂದು ಮನೆಗೆ ಬೀಗ ಬಿದ್ದರೆ ಒಂದು ದಾರಿ ಹೋಯಿತು. ಪೇಟೆಯ ಹತ್ತಿರದಲ್ಲೇ ಇಂಥ ದಾರಿಗಳಿವೆ. ಬೈಕು, ಜೀಪು ಬಂದ ಮೇಲೆ ಡಾಂಬರು ರಸ್ತೆ ಸುತ್ತಿಕೊಂಡು ಹೋಗುವುದೇ ಎಲ್ಲರಿಗೂ ಸುಲಭ. ಯಾರನ್ನೂ ದೂರುವ ಹಾಗಿಲ್ಲ. ಆದರೂ ಬೇಜಾರಾಗುತ್ತದೆ. ನಕ್ಷೆ ಮಾಡುವ ಆತುರ ನನಗೆ ಶುರುವಾಗಿದ್ದೇ ಇಲ್ಲಿಂದ.

ಉಂಬಳದ (ಜಿಗಣೆಯ) ಬಗ್ಗೆ ಬರೆಯದೆ ಇರಲು ಆಗುವುದಿಲ್ಲ. ಮೊಣಕಾಲವರೆಗೆ ಬರುವ ಒತ್ತು ನೇಯ್ಗೆಯ ಕಾಲುಚೀಲ ಒಳ್ಳೆಯದು. ಅದರ ಮೇಲೆ ಸುಣ್ಣ, ಹೊಗೆಸೊಪ್ಪು ಸವರಿದರೆ ಇನ್ನೂ ಒಳ್ಳೆಯದು. ನಿಂತು ನೋಟ್ಸ್ ಬರೆಯುವಾಗ ಬಂಡೆಯ ಮೇಲೆ ನಿಲ್ಲಿ, ಎಲೆಯ ಮೇಲೆ ಬೇಡ.

ಸೆಪ್ಟೆಂಬರ್

ಮಳೆ ಸ್ವಲ್ಪ ಬಿಡುವು ಕೊಟ್ಟಿತು. ಎತ್ತರದ ಲೆಕ್ಕ ಹಿಡಿದುಕೊಂಡು ಕೂತೆ. ಇದು ನನಗೆ ತುಂಬ ಇಷ್ಟವಾದ ಭಾಗ, ಸ್ವಲ್ಪ ಉದ್ದ ಆದರೂ ಬರೆಯುತ್ತೇನೆ.

ಮೊಬೈಲಿನ ಜಿಪಿಎಸ್ ಬಯಲಿನಲ್ಲಿ ನಾಲ್ಕೈದು ಮೀಟರ್ ಆಚೀಚೆ ತೋರಿಸಿದರೆ, ದಟ್ಟ ಮರದ ಕೆಳಗೆ ಗೆರೆ ಹುಚ್ಚಾಪಟ್ಟೆ ಕುಣಿಯುತ್ತದೆ. ಒಂದೇ ದಾರಿಯನ್ನು ಬೇರೆ ಬೇರೆ ದಿನ ನಡೆದು, ಬಂದ ಗೆರೆಗಳನ್ನೆಲ್ಲ ಒಂದರ ಮೇಲೊಂದು ಇಟ್ಟು, ನಡುವಿನಲ್ಲಿ ಎಳೆದರೆ ದಾರಿ ಸರಿಯಾಗಿ ಕೂರುತ್ತದೆ. ಎತ್ತರ ಮಾತ್ರ ಜಿಪಿಎಸ್‌ನಿಂದ ಸಮಾಧಾನ ಆಗುವುದಿಲ್ಲ. ಅದಕ್ಕೆ ಗಾಳಿಯ ಒತ್ತಡ ಅಳೆಯುವ ಬ್ಯಾರೋಮೀಟರ್ ಬೇಕು. ಕೆಲವು ಮೊಬೈಲ್‌ಗಳಲ್ಲಿ, ಓಟಗಾರರ ಕೈಗಡಿಯಾರಗಳಲ್ಲಿ ಅದು ಇರುತ್ತದೆ. ನಮ್ಮ ಎತ್ತರದಲ್ಲಿ ಒತ್ತಡ 1 ಹೆಕ್ಟೋಪಾಸ್ಕಲ್ (ಗಾಳಿಯ ಒತ್ತಡದ ಅಳತೆ) ಇಳಿದರೆ ನಾವು ಸುಮಾರು 9 ಮೀಟರ್ ಮೇಲೆ ಹತ್ತಿದ್ದೇವೆ ಅಂತ ಲೆಕ್ಕ.

ಇಲ್ಲೊಂದು ಸ್ವಾರಸ್ಯ ಇದೆ. ಗಡಿಯಾರವನ್ನು ಸುಮ್ನೆ ಮೇಜಿನ ಮೇಲೆ ಇಟ್ಟುಬಿಡಿ. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಅದು ತಾನೇ ಮೆಲ್ಲಗೆ ಬೆಟ್ಟ ಹತ್ತುತ್ತದೆ! ನಮ್ಮಂಥ ಉಷ್ಣವಲಯದ ಊರುಗಳಲ್ಲಿ ಗಾಳಿಯ ಒತ್ತಡ ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಬೆಳಿಗ್ಗೆ ಹತ್ತರ ಸುಮಾರಿಗೆ ಜಾಸ್ತಿ, ಸಂಜೆ ನಾಲ್ಕರ ಸುಮಾರಿಗೆ ಕಮ್ಮಿ. ವ್ಯತ್ಯಾಸ ಮೂರ್ನಾಲ್ಕು ಹೆಕ್ಟೋಪಾಸ್ಕಲ್ ಇರಬಹುದು. ಅಂದರೆ ಕೂತಲ್ಲೇ 30 ಮೀಟರ್ ಏರಿಕೆ. ಅದರ ಮೇಲೆ ಅರಬ್ಬಿ ಸಮುದ್ರದಲ್ಲೋ ಬಂಗಾಳ ಕೊಲ್ಲಿಯಲ್ಲೋ ವಾಯುಭಾರ ಕುಸಿತ ಬಂದರೆ ಕೇಳುವುದೇ ಬೇಡ. ಹಾಗಾಗಿ ನಡಿಗೆಗೆ ಹೊರಡುವಾಗ ಒಂದು ಗೊತ್ತಿರುವ ಜಾಗದಲ್ಲಿ ಅಳತೆ ಬರೆದುಕೊಂಡು, ವಾಪಸ್ ಬಂದ ಮೇಲೆ ಅಲ್ಲೇ ಮತ್ತೆ ಬರೆದುಕೊಳ್ಳುತ್ತೇನೆ. ನನ್ನ ಗೊತ್ತಿನ ಜಾಗ ದೇವಸ್ಥಾನದ ಮೆಟ್ಟಿಲಿನ ಬುಡ. ಎರಡರ ವ್ಯತ್ಯಾಸವನ್ನು ನಡೆದ ಹೊತ್ತಿಗೆ ಹಂಚಿದರೆ ಎತ್ತರ ನಂಬುವ ಹಾಗೆ ಬರುತ್ತದೆ.

ಬೆಟ್ಟದ ಸಮೋನ್ನತ ಗೆರೆಗಳಿಗೆ, ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳಿಗೆ, ಬಳಸಿದ್ದು 2000ದ ಫೆಬ್ರವರಿಯಲ್ಲಿ ನಾಸಾದ ಎಂಡೆವರ್ ಬಾಹ್ಯಾಕಾಶ ನೌಕೆ ರೇಡಾರ್‌ನಿಂದ ಅಳೆದ ಭೂಮಿಯ ಎತ್ತರ. ಪುಕ್ಕಟೆ ಸಿಗುತ್ತದೆ. ಮೂವತ್ತು ಮೀಟರಿಗೊಂದು ಚುಕ್ಕಿ. ಹುಲ್ಲುಗಾವಲಿನಲ್ಲಿ ಚೆನ್ನಾಗಿ ಹೊಂದುತ್ತದೆ. ಆದರೆ ಆ ರೇಡಾರ್ ದಟ್ಟ ಕಾಡಿನ ನೆಲದವರೆಗೆ ಇಳಿಯುವುದಿಲ್ಲ, ಮರದ ತಲೆಯ ಹತ್ತಿರವೇ ನಿಂತುಬಿಡುತ್ತದೆ. ಹುಲ್ಲು ಮುಗಿದು ಶೋಲೆ ಕಾಡು (ಬೆಟ್ಟದ ಕಣಿವೆಗಳಲ್ಲಿನ ದಟ್ಟ ಕಾಡು) ಶುರುವಾಗುವ ಕಡೆ, ನೆಲದಲ್ಲಿ ಇಲ್ಲದ ದಿಣ್ಣೆ ನಕ್ಷೆಯಲ್ಲಿ ಎದ್ದಿರುತ್ತದೆ. ಅಂಥ ಕಡೆ ನನ್ನ ಗಡಿಯಾರದ ಅಳತೆ ನೋಡಿ ಗೆರೆಗಳನ್ನು ಕೈಯಿಂದ ಸರಿಪಡಿಸುತ್ತಿದ್ದೇನೆ. ನಿಧಾನದ ಕೆಲಸ, ಆದರೆ ಖುಷಿ ಕೊಡುವ ಕೆಲಸ.

ನವೆಂಬರ್

ಅರೇಬಿಕಾ ಕೊಯ್ಲು ಶುರುವಾಗಿ ತೋಟದ ದಾರಿಗಳಲ್ಲಿ ಜನ ಸಿಗತೊಡಗಿದರು. ಹೆಸರು ಕೇಳಲು ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ನಾನು ಇಟ್ಟುಕೊಂಡ ನಿಯಮ ಇಷ್ಟೇ. ಬೇರೆ ಬೇರೆ ಮನೆಯ ಇಬ್ಬರು ಒಂದೇ ಹೆಸರು ಹೇಳಿದರೆ ಮಾತ್ರ ನಕ್ಷೆಗೆ. ಇನ್ನೊಂದು, ಯಜಮಾನರನ್ನು ಕೇಳದೆ ಯಾರ ತೋಟದೊಳಗಿನ ದಾರಿಯನ್ನೂ ಹಾಕುವುದಿಲ್ಲ. ಕೆಲವರು ಬೇಡ ಅಂದರು, ಬಿಟ್ಟೆ. ಹೆಚ್ಚಿನವರು ಕಾಫಿ ಕುಡಿಸಿ, ತಾವೇ ಜೊತೆಗೆ ಬಂದರು.

ಒಂದು ದಾರಿ ಮಾತ್ರ ನನ್ನನ್ನು ಬಹಳ ಕಾಡಿಸಿತು. ಅಡಿಕೆ ತೋಟದ ಮಧ್ಯೆ ಅದು ನೇರ ಹೋಗುವುದೇ ಇಲ್ಲ. ಇಪ್ಪತ್ತು ಹೆಜ್ಜೆ ನೇರ, ಥಟ್ಟನೆ ಬಲಕ್ಕೆ, ಮತ್ತೆ ನೇರ, ಮತ್ತೆ ಎಡಕ್ಕೆ. ಅಡ್ಡ ಮರವೂ ಇಲ್ಲ, ಬಂಡೆಯೂ ಇಲ್ಲ. ಜಿಪಿಎಸ್ ಕೆಟ್ಟಿದೆಯಾ ಅಂತ ಮತ್ತೆ ಮತ್ತೆ ನಡೆದೆ. ಪ್ರತಿ ಸಲ ಅದೇ ಗೆರೆ. ಕೊನೆಗೆ ಅಲ್ಲಿ ಸೊಪ್ಪು ಹೊರುತ್ತಿದ್ದ ಹಿರಿಯರೊಬ್ಬರು ಬಿಡಿಸಿ ಹೇಳಿದರು. "ಇದು ಗದ್ದೆ ಆಗಿತ್ತಲ್ಲ, ನಾವು ಅಂಚಿನ ಮೇಲೆ ಹೋಗ್ತಿದ್ದದ್ದು." ಗದ್ದೆ ಹೋಗಿ ಅಡಿಕೆ ಬಂದಿದೆ. ಅಂಚು ನೆಲಸಮ ಆಗಿದೆ. ಆದರೆ ಜನರ ಕಾಲು ಇನ್ನೂ ಆ ಅಂಚಿನ ಮೇಲೇ ಹೋಗುತ್ತಿದೆ. ಮನೆಗೆ ಬಂದು ಗೆರೆ ದೊಡ್ಡದು ಮಾಡಿ ನೋಡಿದರೆ ಒಂದೊಂದು ಗದ್ದೆಯ ಮೂಲೆಯೂ ಸ್ಪಷ್ಟ. ಈ ದಾರಿಯನ್ನು ಮೊದಲಿನ ಹಾಗೆ ಮೂಲೆ ಮೂಲೆ ಉಳಿಸಿಯೇ ಹಾಕಿದ್ದೇನೆ. ಯಾರೂ ಅದನ್ನು ನೇರ ಮಾಡದಿರಲಿ ಅಂತ ಪಕ್ಕದಲ್ಲಿ ಟಿಪ್ಪಣಿಯನ್ನೂ ಬರೆದಿದ್ದೇನೆ.

ಜನವರಿ

ಹೆಚ್ಚು ಯೋಚನೆ ಮಾಡಿದ್ದು ಈ ತಿಂಗಳು, ಯಾವುದನ್ನು ಹಾಕಬಾರದು ಅನ್ನುವ ಬಗ್ಗೆ.

ಕುದುರೆಮುಖ ರಾಷ್ಟ್ರೀಯ ಉದ್ಯಾನ 1987ರಲ್ಲಿ ಆದದ್ದು. ಅದಿರಿನ ಗಣಿ ನಿಂತದ್ದು ಸುಪ್ರೀಂ ಕೋರ್ಟ್ ಆದೇಶದ ಮೇಲೆ, 2005ರ ಕೊನೆಗೆ. ಸಿಂಗಳೀಕಗಳಿರುವ, ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಕಾಡು ಅದು. 1,894 ಮೀಟರಿನ ಶಿಖರಕ್ಕೆ ಮುಳ್ಳೋಡಿಯಿಂದ ಹೋಗುವ ದಾರಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ಮೊದಲೇ ಬುಕ್ ಮಾಡಬೇಕು, ದಿನಕ್ಕೆ ಇಂತಿಷ್ಟೇ ಜನ, ಸಂಜೆಯೊಳಗೆ ಇಳಿಯಬೇಕು. ಅಲ್ಲಿನ ಬೇರೆ ಶಿಖರಗಳಾದ ಕುರಿಂಜಾಲು, ಗಂಗಡಿಕಲ್ಲಿಗೂ ಹಾಗೇ. ಬೇಸಿಗೆಯಲ್ಲಿ ಹುಲ್ಲು ಒಣಗಿದಾಗ ಕಾಳ್ಗಿಚ್ಚಿನ ಭಯಕ್ಕೆ ಚಾರಣ ನಿಲ್ಲಿಸುವುದೂ ಉಂಟು. ಇದೆಲ್ಲ ಸರಿಯಾದದ್ದೇ ಅಂತ ನನ್ನ ಗಟ್ಟಿ ಅಭಿಪ್ರಾಯ.

ಆದರೆ ಊರಿನ ಅಂಚಿನಿಂದ ಕಾಡಿನೊಳಗೆ ನುಗ್ಗುವ ಹಳೆಯ ದಾರಿಗಳೂ ಇವೆ. ಜೇನಿಗೆ, ವಾಟೆಹುಳಿ, ಉಪ್ಪಾಗೆಯಂಥ ಕಾಡಿನ ಹುಳಿಹಣ್ಣಿಗೆ ಹೋಗುತ್ತಿದ್ದವರ ದಾರಿಗಳು. ಕೆಲವು ನನಗೆ ತೋರಿಸಿದ್ದಾರೆ. ಅವನ್ನು ನಕ್ಷೆಗೆ ಹಾಕಿಲ್ಲ, ಹಾಕುವುದೂ ಇಲ್ಲ. ಹೆಸರಿಲ್ಲದ ಒಂದು ಅಬ್ಬಿ (ಜಲಪಾತ) ಮೊಬೈಲಿನಲ್ಲಿ ಚುಕ್ಕಿಯಾದರೆ ಸಾಕು, ಮುಂದಿನ ಮಳೆಗಾಲಕ್ಕೆ ಅಲ್ಲಿ ಬಾಟಲಿ, ಪ್ಲಾಸ್ಟಿಕ್ಕು. ಹೊರನಾಡಿನ ಹತ್ತಿರದ ಕ್ಯಾತನಮಕ್ಕಿ ಗುಡ್ಡದ ಹುಲ್ಲಿನ ಮೇಲೆ ಜೀಪಿನ ಗಾಲಿ ಬಿದ್ದ ಜಾಗ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹುಲ್ಲಿನ ಬೇರು ಕಿತ್ತುಹೋದ ಕಡೆ ಮಳೆ ನೀರು ಚರಂಡಿ ಕೊರೆಯುತ್ತದೆ. ನನ್ನ ನಕ್ಷೆ ಮನೆಯಿಂದ ಮನೆಗೆ, ಶಾಲೆಗೆ, ಡೇರಿಗೆ, ದೇವಸ್ಥಾನಕ್ಕೆ ಹೋಗುವ ದಾರಿಗಳದ್ದು. ಕಾಡಿನ ಬೇಲಿ ಬಂದ ಕಡೆ ಗೆರೆ ನಿಲ್ಲುತ್ತದೆ.

ಡಿಸೆಂಬರ್‌ನಿಂದ ಮೇವರೆಗೆ ಇನ್ನೊಂದು ಎಚ್ಚರ ಬೇಕು: ಮಂಗನ ಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಮೊದಲು ಗೊತ್ತಾದ ಈ ಕಾಯಿಲೆ ಉಣ್ಣೆ (ಉಣುಗು) ಕಚ್ಚಿ ಬರುತ್ತದೆ. ನಮ್ಮ ಜಿಲ್ಲೆಯಲ್ಲೂ ಇದೆ. ತರಗೆಲೆಯ ಮೇಲೆ ಕೂರಬೇಡಿ. ಪೂರ್ತಿ ತೋಳಿನ ಅಂಗಿ ಹಾಕಿ, ಆರೋಗ್ಯ ಇಲಾಖೆ ಕೊಡುವ ಎಣ್ಣೆ ಹಚ್ಚಿ, ಮನೆಗೆ ಬಂದ ಕೂಡಲೇ ಬಿಸಿನೀರು ಸ್ನಾನ ಮಾಡಿ. ಮಂಗ ಸತ್ತಿದ್ದು ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ನಕ್ಷೆಯ ಹಿಂಬದಿಯಲ್ಲಿ ಇದನ್ನು ದಪ್ಪ ಅಕ್ಷರದಲ್ಲಿ ಹಾಕುತ್ತೇನೆ. ಕಾಟಿ (ಕಾಡುಕೋಣ) ಓಡಾಡುವ ಕಡೆಗಳನ್ನೂ ಗುರುತು ಮಾಡಿದ್ದೇನೆ. ಬೆಳಗಿನ ಮಂಜಿನಲ್ಲಿ, ಸಂಜೆ ಕತ್ತಲಾಗುವಾಗ ಅಲ್ಲಿ ಒಬ್ಬರೇ ಹೋಗುವುದು ಬೇಡ.

ಮಾರ್ಚ್

ಹೂಮಳೆ ಬಿತ್ತು. ಎಂಟು ಹತ್ತು ದಿನಕ್ಕೆ ಕಾಫಿ ಗಿಡವೆಲ್ಲ ಬೆಳ್ಳಗಾಯಿತು, ಜೇನಿನ ಸದ್ದು ರಸ್ತೆವರೆಗೆ. ಇಡೀ ವರ್ಷದಲ್ಲಿ ನಡೆಯಲು ಇದಕ್ಕಿಂತ ಚೆಂದದ ವಾರ ಇನ್ನೊಂದಿಲ್ಲ. ಕೆಲಸ ಸ್ವಲ್ಪ ನಿಧಾನವಾಯಿತು ಅಂದರೆ ನೀವೂ ಒಪ್ಪುತ್ತೀರಿ, ಅಲ್ವಾ?

ಮೊದಲ ಕರಡನ್ನು ಎ3 ಹಾಳೆಯಲ್ಲಿ ಪ್ರಿಂಟ್ ತೆಗೆದೆ. ಎಲ್ಲ ಹೆಸರೂ ಕನ್ನಡದಲ್ಲಿ. ಸಾರಕ್ಕೆ ಒಂದು ಗುರುತು, ಮಳೆಗಾಲದಲ್ಲಿ ದಾಟಲಾಗದ ಹಳ್ಳಕ್ಕೆ ಕೆಂಪು ಅಡ್ಡಗೆರೆ, ಬಳಕೆ ತಪ್ಪುತ್ತಿರುವ ದಾರಿಗೆ ಚುಕ್ಕಿ ಚುಕ್ಕಿ. ಪೇಟೆಯ ಒಂದು ಅಂಗಡಿಯ ಕಟ್ಟೆಯ ಮೇಲೆ ಹಾಳೆ ಹರಡಿ, ಪಕ್ಕದಲ್ಲಿ ಪೆನ್ಸಿಲ್ ಇಟ್ಟೆ. ಜನ ಸೇರಿದರು. ಒಬ್ಬರು ತಮ್ಮ ಮನೆ ಹುಡುಕಿದರು. ಇನ್ನೊಬ್ಬರು ಚುಕ್ಕಿಗೆರೆಯೊಂದರ ಮೇಲೆ ಬೆರಳಿಟ್ಟು, ಇದು ನಿಂತಿಲ್ಲ, ನಾನು ದಿನಾ ಹಾಲು ತಗೊಂಡು ಇದರಲ್ಲೇ ಹೋಗುತ್ತೇನೆ ಅಂದರು. ಅದನ್ನು ಅಲ್ಲೇ ಗಟ್ಟಿ ಗೆರೆ ಮಾಡಿದೆವು. ಹೈಸ್ಕೂಲಿನ ಇಬ್ಬರು ಹುಡುಗಿಯರು ತಮ್ಮ ಮನೆ ಕಡೆಯ ದಾರಿಗಳನ್ನು ತಾವೇ ಅಳೆದು ಕೊಡುತ್ತೇವೆ ಅಂದಿದ್ದಾರೆ. ಅವರಿಗೆ ಟ್ರ್ಯಾಕ್ ರೆಕಾರ್ಡ್ ಮಾಡುವುದು ಹೇಳಿಕೊಟ್ಟಾಗಿದೆ.

ಮುಂದಿನ ಕೆಲಸ

ಏಪ್ರಿಲ್‌ನಲ್ಲಿ ಹೊರನಾಡಿನ ದಡ. ಅಂಬಾತೀರ್ಥದ ಕಡೆಯಿಂದ ಹೊಳೆಯ ಅಂಚಿನಲ್ಲಿ ಮೇಲಕ್ಕೆ ಹೋಗುವ ದಾರಿ ಎಲ್ಲಿವರೆಗೆ ಉಳಿದಿದೆ ನೋಡಬೇಕು. ಮೇ ಕೊನೆಯ ವಾರ, ಮಳೆಗೆ ಮೊದಲು, ಯಾವ ಯಾವ ಸಾರ ಈ ವರ್ಷ ಹಾಕುತ್ತಾರೆ ಅಂತ ಮನೆ ಮನೆಗೆ ಹೋಗಿ ಕೇಳಬೇಕು. ನಮ್ಮ ಕೆಳಗಿನ ಹಳ್ಳಕ್ಕೆ ಮರ ಸಿಕ್ಕಿದೆ. ಹೊರಲು ನಾಲ್ಕು ಜನ ಬೇಕು, ಮೂವರು ಆಗಿದ್ದೇವೆ.